ಹಬೆಯ ಗಾಯ

ಕುದಿಯುವ ನೀರು ಕೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಆದರೆ ಇಡ್ಲಿಯ ಪಾತ್ರೆಯ ಮುಚ್ಚಳವನ್ನು ಅಜಾಗರೂಕತೆಯಿಂದ ತೆಗೆದಾಗ ಮುಂಗೈಗೋ ಮುಖಕ್ಕೋ ಬಡಿಯುವ ಹಬೆ ಅದಕ್ಕಿಂತಲೂ ಕ್ರೂರವಾದದ್ದು. ಈ ವಿಷಯವನ್ನು ಯಾವ ಶಾಸ್ತ್ರಗ್ರಂಥವನ್ನೂ ಓದದಿದ್ದ ನಮ್ಮ ಮನೆಯ ಹಿರಿಯ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಅನ್ನದ ತಪ್ಪಲೆಯಿಂದ ಗಂಜಿ ಬಸಿಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕೆಂದೂ, ಕಡುಬಿನ ಪಾತ್ರೆಯ ಮುಚ್ಚಳವನ್ನು ತನ್ನ ಕಡೆಗೆ ಬಾಗಿಸಿ ಎತ್ತಬಾರದೆಂದೂ ಅವರು ಮಕ್ಕಳಿಗೆ ಕಲಿಸಿಕೊಟ್ಟರು. ಅನುಭವ ಕಲಿಸಿದ ಈ ಪಾಠ ಸರಿಯಾದದ್ದೇ. ಆದರೆ ಅದರ ಹಿಂದೆ ಒಂದು ಒಗಟುಂಟು. ಸಮುದ್ರಮಟ್ಟದಲ್ಲಿ ನೀರು ಕುದಿಯುವಾಗ ಉಷ್ಣಮಾಪಕವನ್ನು ನೀರಿನಲ್ಲಿ ಮುಳುಗಿಸಿದರೆ ಅದು ಸೆಂಟಿಗ್ರೇಡ್ ೧೦೦ ಡಿಗ್ರಿಯನ್ನು ತೋರಿಸುತ್ತದೆ. ಅದನ್ನು ಮೇಲಕ್ಕೆತ್ತಿ, ನೀರಿಗೆ ಸೋಕದಂತೆ ಹಬೆಯಲ್ಲಿ ಹಿಡಿದರೂ ಅದು ತೋರಿಸುವುದು ಅದೇ ೧೦೦ ಡಿಗ್ರಿಯನ್ನೇ. ಎರಡರ ಉಷ್ಣತೆಯೂ ಒಂದೇ ಆಗಿರುವಾಗ ಒಂದು ಇನ್ನೊಂದಕ್ಕಿಂತ ಹೆಚ್ಚಾಗಿ ಸುಡುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಹಬೆಯೆಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕುದಿಯುವ ಪಾತ್ರೆಯ ಮೇಲೆ ಬೆಳ್ಳಗೆ ಮೋಡದಂತೆ ಏಳುವುದನ್ನು ನಾವು ಹಬೆಯೆಂದು ಕರೆಯುತ್ತೇವೆ. ಶಾಸ್ತ್ರದ ದೃಷ್ಟಿಯಿಂದ ಅದು ಹಬೆಯಲ್ಲ. ಹಬೆಯು ತಣ್ಣಗಾಗಿ ಮತ್ತೆ ನೀರಾದಾಗ ಉಂಟಾದ ಅತಿ ಸೂಕ್ಷ್ಮವಾದ ಹನಿಗಳ ಸಮೂಹ. ಕೆಟಲಿನ ಮೂತಿಯನ್ನು ಸಾವಧಾನವಾಗಿ ನೋಡಿದರೆ, ಮೂತಿಯ ತುದಿಗೂ ಬಿಳಿಯ ಮೋಡಕ್ಕೂ ನಡುವೆ ಸ್ವಲ್ಪ ಸ್ಥಳ ಬರಿದಾಗಿ ಇರುವಂತೆ ತೋರುತ್ತದೆ. ನಿಜವಾದ ಹಬೆಯಿರುವುದು ಆ ಬರಿದಾದ ಸ್ಥಳದಲ್ಲಿ. ಅದು ಗಾಳಿಯಂತೆ ಬಣ್ಣವಿಲ್ಲದ, ಕಣ್ಣಿಗೆ ಕಾಣದ ವಸ್ತು. ಕಾಣುವ ಮೋಡಕ್ಕೆ ಹೆದರಿ ಕಾಣದ ಹಬೆಗೆ ಕೈಯೊಡ್ಡುವುದು ಅಡುಗೆಮನೆಯಲ್ಲಿ ಮಾತ್ರವಲ್ಲ, ಉಗಿಯಂತ್ರಗಳ ಕಾರ್ಖಾನೆಗಳಲ್ಲಿಯೂ ಅಪಾಯಗಳಿಗೆ ಕಾರಣವಾಗಿದೆ.

ಇನ್ನು ಶಾಖ, ಉಷ್ಣತೆ ಎಂಬ ಎರಡು ಮಾತುಗಳು. ವ್ಯವಹಾರದಲ್ಲಿ ಇವೆರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಒಂದು ಚಮಚ ಬಿಸಿನೀರಿಗೂ ಒಂದು ಹಂಡೆ ಬಿಸಿನೀರಿಗೂ ಉಷ್ಣತೆ ಸಮನಾಗಿದ್ದರೂ ಹಂಡೆಯನ್ನು ಕಾಯಿಸಲು ಎಷ್ಟೋ ಹೆಚ್ಚು ಸೌದೆ ಬೇಕೆಂಬುದು ಎಲ್ಲರಿಗೂ ಗೊತ್ತು. ಉಷ್ಣತೆಯು ಬಿಸಿಯ ಮಟ್ಟ; ಶಾಖವು ಅದರ ಮೊತ್ತ. ಕೆರೆಯ ನೀರಿನ ಮಟ್ಟವನ್ನು ಅಳೆಯುವುದು ಬೇರೆ, ಅದರಲ್ಲಿ ಒಟ್ಟು ಎಷ್ಟು ನೀರಿದೆಯೆಂದು ಲೆಕ್ಕ ಹಾಕುವುದು ಬೇರೆ. ಉಷ್ಣಮಾಪಕವು ಹೇಳುವುದು ಮಟ್ಟವನ್ನು ಮಾತ್ರ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕ್ಯಾಲೊರಿ ಎಂದು ಹೆಸರು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಈ ಭೇದವನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡವನು ಸ್ಕಾಟ್‌ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತ. ಈತನು ೧೭೨೮ರಿಂದ ೧೭೯೯ರವರೆಗೆ ಜೀವಿಸಿದ್ದನು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಬೋಧಿಸುತ್ತಿದ್ದನು. ಕುದಿಯುವ ನೀರಿನ ವಿಷಯದಲ್ಲಿ ಒಂದು ಸಂಗತಿ ಆತನಿಗೆ ಸೋಜಿಗವಾಗಿ ಕಂಡಿತು. ನೀರು ಕುದಿಯಲು ಆರಂಭಿಸಿದ ಮೇಲೆ ಎಷ್ಟೇ ಬೆಂಕಿ ಹಾಕಿದರೂ ಅದರ ಉಷ್ಣತೆ ಮುಂದಕ್ಕೆ ಏರುವುದಿಲ್ಲ. ಹಾಗಾದರೆ ಒಲೆಯಿಂದ ಬರುತ್ತಿರುವ ಶಾಖವೆಲ್ಲ ಎಲ್ಲಿಗೆ ಹೋಯಿತು? ೧೭೬೨ರಲ್ಲಿ ಆತನು ಚಪ್ಪಟೆಯಾದ ಪಾತ್ರೆಗಳಲ್ಲಿ ಸ್ವಲ್ಪ ನೀರನ್ನು ಹಾಕಿ, ಕೆಂಪಗೆ ಕಾದ ಕಬ್ಬಿಣದ ತಟ್ಟೆಯ ಮೇಲಿಟ್ಟು ಕಾಲವನ್ನು ಅಳೆದನು. ಫ್ಯಾರನ್‌ಹೀಟ್ ೫೦ ಡಿಗ್ರಿಯಲ್ಲಿದ್ದ ನೀರು ಕುದಿಯುವುದಕ್ಕೆ ೪ ನಿಮಿಷ ಹಿಡಿಯಿತು. ಆ ನೀರೆಲ್ಲ ಆವಿಯಾಗಿ ಪಾತ್ರೆ ಒಣಗುವುದಕ್ಕೆ ೨೦ ನಿಮಿಷ ಹಿಡಿಯಿತು. ಒಲೆ ಒಂದೇ, ಬೆಂಕಿ ಒಂದೇ. ಆದುದರಿಂದ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಐದರಷ್ಟು ಶಾಖವು ಆ ನೀರನ್ನು ಹಬೆಯಾಗಿ ಮಾರ್ಪಡಿಸುವುದಕ್ಕೆ ವೆಚ್ಚವಾಗಿರಬೇಕು. ಆ ಶಾಖವು ಉಷ್ಣಮಾಪಕಕ್ಕೆ ಕಾಣಿಸುವುದಿಲ್ಲ. ಹಬೆಯಲ್ಲಿ ಮರೆಯಾಗಿ ಕುಳಿತಿರುತ್ತದೆ. ಬ್ಲ್ಯಾಕನು ಇದಕ್ಕೆ ಗುಪ್ತಶಾಖ ಎಂಬ ಅರ್ಥದ ಹೆಸರನ್ನಿಟ್ಟನು. ಗಡಿಯಾರ, ಉಷ್ಣಮಾಪಕ, ಅಡುಗೆಯ ಒಲೆ ಇಷ್ಟರಿಂದಲೇ ಪ್ರಕೃತಿಯ ಒಂದು ದೊಡ್ಡ ರಹಸ್ಯವನ್ನು ಹೊರಗೆಡಹಿದ ಈ ಪ್ರಯೋಗವು ಎಲ್ಲ ವಿದ್ಯಾರ್ಥಿಗಳಿಗೂ ಮಾದರಿಯಾಗತಕ್ಕದ್ದು.

ಅದೇ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ಮಾಡುವ ಮತ್ತು ದುರಸ್ತು ಮಾಡುವ ಕೆಲಸದಲ್ಲಿದ್ದ ಯುವಕನೇ ಜೇಮ್ಸ್ ವ್ಯಾಟ್. ನ್ಯೂಕೊಮೆನ್ ಯಂತ್ರದ ಒಂದು ಮಾದರಿಯನ್ನು ದುರಸ್ತು ಮಾಡುತ್ತಿದ್ದಾಗ ಆತನು ಸ್ವತಂತ್ರವಾಗಿ ಇದೇ ಸಂಗತಿಯನ್ನು ಎದುರಿಸಿದನು. ಹಬೆಯನ್ನು ತಣ್ಣೀರಿನೊಳಕ್ಕೆ ಬಿಟ್ಟರೆ, ಹಬೆಯು ತನ್ನ ತೂಕದ ಆರರಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ಏರಿಸುತ್ತಿತ್ತು. ಇಷ್ಟು ಹಗುರವಾದ ವಸ್ತುವು ಇಷ್ಟು ನೀರನ್ನು ಕಾಯಿಸುವುದು ಹೇಗೆಂದು ಆತನು ಬೆರಗಾಗಿ ಬ್ಲ್ಯಾಕನ ಬಳಿಗೆ ಹೋದಾಗ, ಬ್ಲ್ಯಾಕನು ಗುಪ್ತಶಾಖದ ತತ್ತ್ವವನ್ನು ಆತನಿಗೆ ವಿವರಿಸಿದನು. ೧೭೬೫ರಲ್ಲಿ ವ್ಯಾಟನು ಪ್ರತ್ಯೇಕವಾದ ಘನೀಕರಣಪಾತ್ರೆಯನ್ನು ಆಲೋಚಿಸಿದ್ದೂ, ೧೭೬೯ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದದ್ದೂ, ಅಲ್ಲಿಂದ ಮುಂದೆ ಲೋಕದ ಕೈಗಾರಿಕೆಯೇ ಬದಲಾದದ್ದೂ ಇತಿಹಾಸದ ಮಾತು. ನಮಗೆ ಇಲ್ಲಿ ಬೇಕಾದದ್ದು ವ್ಯಾಟನ ತಣ್ಣೀರಿನ ಪಾತ್ರೆ. ಆ ಪಾತ್ರೆಯ ಸ್ಥಾನದಲ್ಲಿ ಮನುಷ್ಯನ ಕೈಯನ್ನಿಟ್ಟು ಆಲೋಚಿಸಿದರೆ ನಮ್ಮ ಒಗಟಿನ ಅರ್ಧ ಭಾಗ ಬಿಡಿಸಿದಂತಾಗುತ್ತದೆ.

ಲೆಕ್ಕವನ್ನು ನೋಡೋಣ. ದೇಹದ ಉಷ್ಣತೆ ಸುಮಾರು ೩೭ ಡಿಗ್ರಿ. ೧೦೦ ಡಿಗ್ರಿಯಲ್ಲಿರುವ ಒಂದು ಗ್ರಾಂ ಕುದಿನೀರು ೩೭ ಡಿಗ್ರಿಗೆ ಇಳಿಯುವಾಗ ೬೩ ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ೧೦೦ ಡಿಗ್ರಿಯಲ್ಲಿರುವ ಒಂದು ಗ್ರಾಂ ಹಬೆಯಾದರೋ ಮೊದಲು ನೀರಾಗಬೇಕು. ಹಾಗೆ ನೀರಾಗುವಾಗಲೇ ಸುಮಾರು ೫೪೦ ಕ್ಯಾಲೊರಿಗಳನ್ನು ಸುರಿಯುತ್ತದೆ. ಆಮೇಲೆ ಆ ನೀರು ತಣಿಯುವಾಗ ಮತ್ತೆ ೬೩ ಕ್ಯಾಲೊರಿ. ಒಟ್ಟು ೬೦೩. ತೂಕಕ್ಕೆ ತೂಕ ಹೋಲಿಸಿದರೆ ಹಬೆಯು ಕುದಿನೀರಿನ ಒಂಬತ್ತೂವರೆಯಷ್ಟು ಶಾಖವನ್ನು ಚರ್ಮಕ್ಕೆ ಕೊಡಬಲ್ಲದು.

ಈ ೫೪೦ ಕ್ಯಾಲೊರಿ ಎಲ್ಲಿಂದ ಬಂದಿತು? ದ್ರವರೂಪದ ನೀರಿನಲ್ಲಿ ಅಣುಗಳು ಒಂದರ ಕೈಯನ್ನು ಮತ್ತೊಂದು ಹಿಡಿದಂತೆ ಪರಸ್ಪರ ಆಕರ್ಷಣೆಯಿಂದ ಕೂಡಿಕೊಂಡಿರುತ್ತವೆ. ಒಂದು ಅಣುವಿನ ಜಲಜನಕಕ್ಕೂ ನೆರೆಯ ಅಣುವಿನ ಆಮ್ಲಜನಕಕ್ಕೂ ಇರುವ ಈ ಬಂಧನವು ಬಹು ಬಲವಾದದ್ದು. ಅದನ್ನು ಹರಿದು ಅಣುಗಳನ್ನು ಒಂದರಿಂದ ಒಂದನ್ನು ದೂರ ಮಾಡಿ ಗಾಳಿಗೆ ಹಾರಿಸುವುದಕ್ಕೆ ಒಲೆಯ ಶಾಖ ವೆಚ್ಚವಾಗುತ್ತದೆ. ಒಂದು ಗ್ರಾಂ ಮದ್ಯಸಾರವನ್ನು ಆವಿ ಮಾಡಲು ಸುಮಾರು ೨೦೦ ಕ್ಯಾಲೊರಿ ಸಾಕು. ಈಥರಿಗೆ ೧೦೦ ಕ್ಯಾಲೊರಿಯೂ ಬೇಡ. ನೀರಿಗೆ ೫೪೦ ಬೇಕಾಗುವುದು ಅದರ ಅಣುಗಳ ಈ ಗಾಢವಾದ ಸ್ನೇಹದಿಂದ. ಹಬೆಯು ತಣ್ಣಗಿನ ಚರ್ಮವನ್ನು ಮುಟ್ಟಿದೊಡನೆ ಅಗಲಿದ ಅಣುಗಳು ಮತ್ತೆ ಕೂಡಿಕೊಳ್ಳುತ್ತವೆ. ಅಗಲಿಸುವುದಕ್ಕೆ ಒಲೆ ತೆತ್ತ ಬೆಲೆಯನ್ನೆಲ್ಲ ಆ ಕ್ಷಣದಲ್ಲಿ ಚರ್ಮಕ್ಕೆ ಒಪ್ಪಿಸುತ್ತವೆ.

ಸಾಮಾನ್ಯವಾಗಿ ಶಾಲೆಯ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ವಿಚಾರಶೀಲನಾದ ಶ್ರೋತೃವು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೂ ಬೇಕು. ತೂಕಕ್ಕೆ ತೂಕ ಎಂಬುದು ಸರಿಯೇ. ಆದರೆ ಹಬೆಗೆ ತೂಕವೆಷ್ಟು? ನೀರು ಹಬೆಯಾದಾಗ ಸುಮಾರು ೧೬೭೦ ಪಾಲು ಹಿಗ್ಗುತ್ತದೆ. ಒಂದು ಲೀಟರ್ ನೀರು ೧೦೦೦ ಗ್ರಾಂ ತೂಗಿದರೆ ಒಂದು ಲೀಟರ್ ಹಬೆ ಒಂದು ಗ್ರಾಮಿನ ಹತ್ತರಲ್ಲಿ ಆರು ಭಾಗ ಮಾತ್ರ ತೂಗುತ್ತದೆ. ಅದರಲ್ಲಿರುವ ಶಾಖವೆಲ್ಲ ಸೇರಿ ಸುಮಾರು ೩೬೦ ಕ್ಯಾಲೊರಿ. ಎಂದರೆ ಸಣ್ಣ ಚಮಚ ತುಂಬ ಕುದಿನೀರಿನಲ್ಲಿರುವಷ್ಟೇ. ಹೀಗಿರುವಾಗ ಹಬೆಯನ್ನು ಕುದಿನೀರಿಗಿಂತ ಭಯಂಕರವೆಂದು ಹೇಳುವುದು ಹೇಗೆ ನ್ಯಾಯ?

ಈ ಆಕ್ಷೇಪವು ಯಥಾರ್ಥವಾದದ್ದು. ಒಂದು ಕೊಡ ಕುದಿನೀರು ಮೈಮೇಲೆ ಚೆಲ್ಲಿದರೆ ಅದು ಮಾಡುವ ಹಾನಿಯು ಅಲ್ಪವಲ್ಲ. ಅದಕ್ಕಿಂತ ಹಬೆಯೇ ಯಾವಾಗಲೂ ಕೆಟ್ಟದ್ದೆಂದು ಹೇಳಲಾಗದು. ಗುಪ್ತಶಾಖವೊಂದೇ ನಮ್ಮ ಪ್ರಶ್ನೆಗೆ ಪೂರ್ಣವಾದ ಉತ್ತರವಲ್ಲ. ಹಬೆಯ ಶಾಖವು ಎಷ್ಟು ಎಂಬುದಕ್ಕಿಂತ ಅದು ಚರ್ಮವನ್ನು ಹೇಗೆ ತಲುಪುತ್ತದೆ, ಎಷ್ಟು ಬೇಗ ತಲುಪುತ್ತದೆ ಎಂಬುದರಲ್ಲಿ ಒಗಟಿನ ಉಳಿದ ಅರ್ಧ ಭಾಗವಿದೆ.

ಚೆಲ್ಲಿದ ಕುದಿನೀರಿನ ಗತಿಯನ್ನು ನೋಡಿ. ಪಾತ್ರೆಯಿಂದ ಬೀಳುವಾಗಲೇ ಅದು ಗಾಳಿಯಲ್ಲಿ ಸ್ವಲ್ಪ ತಣ್ಣಗಾಗುತ್ತದೆ. ಚರ್ಮಕ್ಕೆ ತಗುಲಿದ ಪದರವು ಶಾಖವನ್ನು ಕೊಟ್ಟು ತಣಿಯುತ್ತದೆ. ಉಳಿದ ನೀರು ಜಾರಿಹೋಗುತ್ತದೆ. ಹಬೆಯ ಗತಿ ಬೇರೆ. ಚರ್ಮವನ್ನು ಮುಟ್ಟಿದ ಹಬೆಯು ನೀರಾದೊಡನೆ ಅದರ ಗಾತ್ರವು ೧೬೭೦ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಅಲ್ಲಿ ತೆರವಾದ ಸ್ಥಳಕ್ಕೆ ಹೊಸ ಹಬೆ ತಾನಾಗಿ ನುಗ್ಗುತ್ತದೆ, ಅದೂ ನೀರಾಗುತ್ತದೆ, ಮತ್ತೆ ಹೊಸ ಹಬೆ. ಹೀಗೆ ತಣ್ಣಗಿರುವ ಚರ್ಮವೇ ಹಬೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆಂದು ಹೇಳಬೇಕು. ಎಲ್ಲಿ ತಂಪು ಹೆಚ್ಚೋ ಅಲ್ಲಿಯೇ ಹಬೆ ಹೆಚ್ಚಾಗಿ ಕೂಡುತ್ತದೆ. ಕೈಬೆರಳುಗಳ ಸಂದು, ಅಂಗಿಯ ತೋಳಿನ ಒಳಭಾಗ, ಬಟ್ಟೆಯ ನೂಲುಗಳ ನಡುವಣ ರಂಧ್ರಗಳು, ಇವೆಲ್ಲಕ್ಕೂ ಅದು ಪ್ರವೇಶಿಸುತ್ತದೆ. ಹಬೆಯ ಪ್ರವಾಹವು ನಿಲ್ಲುವವರೆಗೆ ಚರ್ಮದ ಮೇಲ್ಮೈ ೧೦೦ ಡಿಗ್ರಿಯ ಕಡೆಗೇ ತಳ್ಳಲ್ಪಡುತ್ತಿರುತ್ತದೆ.

ಆ ಪ್ರವಾಹವೂ ಅಲ್ಪವೆಂದು ತಿಳಿಯಬಾರದು. ೧೫೦೦ ವ್ಯಾಟಿನ ವಿದ್ಯುತ್ ಕೆಟಲು ಬಿರುಸಾಗಿ ಕುದಿಯುತ್ತಿರುವಾಗ ಅದರ ಮೂತಿಯಿಂದ ಒಂದೊಂದು ಸೆಕೆಂಡಿಗೂ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹಬೆ ಹೊರಡುತ್ತದೆ. ಎಂದರೆ ಸೆಕೆಂಡಿಗೆ ಒಂದು ಚಮಚದಂತೆ ಕುದಿನೀರನ್ನು ಬಿಡದೆ ಸುರಿಯುತ್ತಿದ್ದಂತಾಯಿತು. ಬೇರೆ ರೀತಿಯಿಂದ ಹೇಳುವುದಾದರೆ, ಒಲೆ ನೀರಿಗೆ ಕೊಟ್ಟ ಬೆಂಕಿಯನ್ನೆಲ್ಲ ಹಬೆಯು ಹೊತ್ತುಕೊಂಡು ಬಂದು ಅಡ್ಡವಾಗಿ ಸಿಕ್ಕಿದ ಕೈಯ ಮೇಲೆ ಇಳಿಸುತ್ತದೆ.

ಬಿಸಿಗಾಳಿಯೊಡನೆ ಹೋಲಿಸಿದರೆ ಹಬೆಯ ಈ ಗುಣವು ಇನ್ನೂ ಸ್ಪಷ್ಟವಾಗುತ್ತದೆ. ರೊಟ್ಟಿ ಸುಡುವ ಭಟ್ಟಿಯೊಳಗೆ ಗಾಳಿಯು ೨೦೦ ಡಿಗ್ರಿಯಲ್ಲಿದ್ದರೂ, ಕಬ್ಬಿಣವನ್ನು ಮುಟ್ಟದೆ ಕ್ಷಣಕಾಲ ಕೈ ಹಾಕಿ ತೆಗೆಯಬಹುದು. ಅದರಲ್ಲಿ ಅರ್ಧ ಉಷ್ಣತೆಯುಳ್ಳ ಹಬೆಯಲ್ಲಿ ಹಾಗೆ ಮಾಡಲು ಸಾಧ್ಯವಿಲ್ಲ. ೨೦೦ ಡಿಗ್ರಿಯ ಒಂದು ಲೀಟರ್ ಒಣಗಾಳಿಯು ದೇಹದ ಉಷ್ಣತೆಗೆ ತಣಿಯುವಾಗ ಕೊಡುವ ಶಾಖ ಸುಮಾರು ೩೦ ಕ್ಯಾಲೊರಿ. ೧೦೦ ಡಿಗ್ರಿಯ ಒಂದು ಲೀಟರ್ ಹಬೆ ಕೊಡುವುದು ೩೬೦. ಅಲ್ಲದೆ ತಣಿದ ಗಾಳಿಯು ಚರ್ಮವನ್ನು ಹೊದ್ದುಕೊಂಡು, ಹೊಸ ಬಿಸಿಗಾಳಿ ಹತ್ತಿರಕ್ಕೆ ಬಾರದಂತೆ ಕಂಬಳಿಯಂತೆ ತಡೆಯುತ್ತದೆ. ಹಬೆಗೆ ಆ ತಡೆ ಇಲ್ಲ. ಹಬೆಯಲ್ಲಿ ಗಾಳಿ ಬೆರೆತಾಗ ಮಾತ್ರ ಅದರ ಉಗ್ರತೆ ಬಹಳ ಕಡಿಮೆಯಾಗುತ್ತದೆ. ಕುದಿಯುವ ತಪ್ಪಲೆಗೆ ಎರಡು ಮೊಳ ಮೇಲೆ ಕೈ ಹಿಡಿದರೆ ಬೆಚ್ಚಗಿರುವುದೂ, ಕೆಟಲಿನ ಮೂತಿಗೆ ಎರಡು ಬೆರಳು ದೂರದಲ್ಲಿ ಹಿಡಿದರೆ ಕೈ ಬೇಯುವುದೂ ಇದೇ ಕಾರಣದಿಂದ.

ಈ ವಿಷಯದಲ್ಲಿ ೧೭೭೪ರಲ್ಲಿ ಲಂಡನ್ನಿನಲ್ಲಿ ನಡೆದ ಪರೀಕ್ಷೆಗಳು ಸ್ವಾರಸ್ಯವಾದವು. ಜಾರ್ಜ್ ಫೋರ್ಡೈಸ್ ಎಂಬ ವೈದ್ಯನು ಕೆಲವು ಕೊಠಡಿಗಳನ್ನು ವಿಪರೀತವಾಗಿ ಕಾಯಿಸಿ, ಮಿತ್ರರನ್ನು ಅಲ್ಲಿಗೆ ಆಹ್ವಾನಿಸಿದನು. ಚಾರ್ಲ್ಸ್ ಬ್ಲ್ಯಾಗ್ಡನ್ ಎಂಬಾತನು ೧೭೭೫ರಲ್ಲಿ ರಾಯಲ್ ಸೊಸೈಟಿಗೆ ಅದರ ವರದಿಯನ್ನು ಕೊಟ್ಟನು. ಸುಪ್ರಸಿದ್ಧನಾದ ಜೋಸೆಫ್ ಬ್ಯಾಂಕ್ಸನೂ ಆ ತಂಡದಲ್ಲಿದ್ದನು. ಫ್ಯಾರನ್‌ಹೀಟ್ ೨೬೦ ಡಿಗ್ರಿ, ಎಂದರೆ ಸೆಂಟಿಗ್ರೇಡ್ ೧೨೭ ಡಿಗ್ರಿ ಒಣಗಾಳಿಯಿದ್ದ ಕೊಠಡಿಯಲ್ಲಿ ಬ್ಲ್ಯಾಗ್ಡನನು ಕೆಲವು ನಿಮಿಷಗಳ ಕಾಲ ಇದ್ದು ಕ್ಷೇಮವಾಗಿ ಹೊರಗೆ ಬಂದನು. ಅಂಥ ಕೊಠಡಿಯಲ್ಲಿಯೇ ಇಟ್ಟ ಕೋಳಿಮೊಟ್ಟೆಗಳು ಗಟ್ಟಿಯಾಗಿ ಬೆಂದಿದ್ದವು. ಮಾಂಸದ ತುಂಡೂ ಬೆಂದಿತ್ತು. ಮನುಷ್ಯ ಬೇಯದಿರಲು ಕಾರಣ ಅವನ ಬೆವರು. ಆದರೆ ಫೋರ್ಡೈಸನು ನೀರಾವಿಯಿಂದ ತುಂಬಿದ ಕೊಠಡಿಯನ್ನು ಹೊಕ್ಕಾಗ, ಉಷ್ಣತೆ ಅದರ ಅರ್ಧದಷ್ಟೇ ಇದ್ದರೂ ಸಹಿಸಲು ಬಲು ಕಷ್ಟವಾಯಿತು. ಮೈಮೇಲೆಲ್ಲ ನೀರು ಧಾರೆಧಾರೆಯಾಗಿ ಇಳಿಯಿತು. ಅದು ಬೆವರೆಂದು ಯಾರಾದರೂ ತಿಳಿಯುವಂತಿತ್ತು. ಆದರೆ ನೀರು ತುಂಬಿದ ಒಂದು ಗಾಜಿನ ಬುರುಡೆಯನ್ನು ಅಲ್ಲಿ ತಂದಿಟ್ಟಾಗ ಅದರ ಹೊರಮೈಯಲ್ಲಿಯೂ ಹಾಗೆಯೇ ನೀರಿಳಿಯಿತು. ಗಾಜು ಬೆವರುವುದುಂಟೇ? ಮೈಮೇಲೆ ಇಳಿದದ್ದರಲ್ಲಿ ಬಹುಭಾಗ ಆವಿಯು ಚರ್ಮದ ಮೇಲೆ ನೀರಾಗಿ ಕೂಡಿದ್ದೆಂದು ಹೀಗೆ ಸಿದ್ಧವಾಯಿತು.

ಇಲ್ಲಿ ಪ್ರಕೃತಿಯ ಒಂದು ಸಮತೆಯನ್ನು ಗಮನಿಸಬೇಕು. ಬೇಸಿಗೆಯಲ್ಲಿ ಬೆವರು ಆವಿಯಾಗಿ ಹೋಗುವಾಗ ನಮ್ಮ ಮೈಯಿಂದ ಗುಪ್ತಶಾಖವನ್ನು ಕೊಂಡೊಯ್ದು ನಮ್ಮನ್ನು ತಂಪು ಮಾಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಅದರಿಂದಲೇ. ಹಬೆಯು ಮೈಗೆ ಬಡಿದಾಗ ಆಗುವುದು ಇದೇ ವ್ಯಾಪಾರ, ತಿರುಗುಮುರುಗಾಗಿ. ಹೂಜಿಯನ್ನು ತಂಪು ಮಾಡುವ ಶಕ್ತಿಯೇ ಕೈಯನ್ನು ಸುಡುವ ಶಕ್ತಿ.

ಇನ್ನು ಶಾಖವನ್ನು ಪಡೆದುಕೊಳ್ಳುವ ಚರ್ಮದ ವಿಷಯ. ಮೊಟ್ಟೆಯ ಬಿಳಿಯ ಭಾಗವು ಬಿಸಿಗೆ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ನಮ್ಮ ಜೀವಕೋಶಗಳಲ್ಲಿರುವ ಪ್ರೋಟೀನುಗಳೂ ಅದೇ ಜಾತಿಯ ವಸ್ತುಗಳು. ಒಮ್ಮೆ ಕೆಟ್ಟರೆ ಹಿಂದಿನ ರೂಪಕ್ಕೆ ಬಾರವು. ಅಮೆರಿಕದಲ್ಲಿ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ವಿದ್ವಾಂಸರು ೧೯೪೭ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಚರ್ಮವು ಎಷ್ಟು ಉಷ್ಣತೆಯನ್ನು ಎಷ್ಟು ಹೊತ್ತು ತಾಳಬಲ್ಲದೆಂಬುದು ನಿರ್ಧಾರವಾಯಿತು. ಚರ್ಮದ ಮೇಲ್ಮೈ ೪೪ ಡಿಗ್ರಿಯಲ್ಲಿದ್ದರೆ ಸುಟ್ಟಗಾಯವಾಗುವುದಕ್ಕೆ ಸುಮಾರು ೬ ಗಂಟೆ ಬೇಕು. ಅಲ್ಲಿಂದ ೫೧ ಡಿಗ್ರಿಯವರೆಗೆ, ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಲ್ಲ ಆ ಕಾಲವು ಸುಮಾರು ಅರ್ಧಕ್ಕರ್ಧ ಇಳಿಯುತ್ತದೆ. ೬೦ ಡಿಗ್ರಿಗೆ ೫ ಸೆಕೆಂಡು ಸಾಕು. ೭೦ ಡಿಗ್ರಿಗೆ ಒಂದು ಸೆಕೆಂಡು. ೧೦೦ ಡಿಗ್ರಿಯ ಹಬೆಯು ಚರ್ಮವನ್ನು ಮುಟ್ಟಿದಾಗ, ನೋವನ್ನು ಅರಿತು ಕೈಯನ್ನು ಹಿಂದೆಗೆಯುವಷ್ಟರಲ್ಲಿಯೇ ಹಾನಿಯು ನಡೆದುಹೋಗಿರಬಹುದು.

ಇಷ್ಟೇ ಆಗಿದ್ದರೆ ಹಬೆಯ ಗಾಯವು ಮೇಲ್ಮೈಯಿಂದ ಕ್ರಮವಾಗಿ ಒಳಕ್ಕೆ ಇಳಿಯಬೇಕಾಗಿತ್ತು. ಆದರೆ ಹಬೆಯ ಗಾಯಗಳಲ್ಲಿ ಕೆಲವು ವೇಳೆ ಮೇಲಿನ ಚರ್ಮವು ಹೆಚ್ಚು ಕೆಟ್ಟಂತೆ ಕಾಣದೆ, ಒಳಗಿನ ಚರ್ಮವು ತೀವ್ರವಾಗಿ ಬೆಂದಿರುತ್ತದೆ. ಇದಕ್ಕೆ ಕಾರಣವನ್ನು ಸ್ವಿಟ್ಜರ್ಲೆಂಡಿನ ಎಂಪಾ ಎಂಬ ಸಂಶೋಧನಾಲಯದವರು ಹುಡುಕಿ, ೨೦೧೮ರಲ್ಲಿ ಪ್ರಕಟಿಸಿದರು. ಮನುಷ್ಯನ ಚರ್ಮವನ್ನು ಬಹುಮಟ್ಟಿಗೆ ಹೋಲುವ ಹಂದಿಯ ಚರ್ಮಕ್ಕೆ ಹಬೆಯನ್ನು ಹಾಯಿಸಿ, ಚರ್ಮದ ಒಂದೊಂದು ಪದರದಲ್ಲಿಯೂ ನೀರಿನ ಅಂಶವು ಎಷ್ಟು ಹೆಚ್ಚಿತೆಂದು ಅವರು ಅಳೆದರು. ನೀರಿನ ಹನಿಯನ್ನು ಹೊರಗೇ ತಡೆಯುವ ಹೊರಚರ್ಮದಲ್ಲಿ, ಬಿಡಿಬಿಡಿಯಾದ ಆವಿಯ ಅಣುಗಳು ನುಸುಳುವಷ್ಟು ಸೂಕ್ಷ್ಮವಾದ ರಂಧ್ರಗಳುಂಟು. ಹಬೆಯು ತಗುಲಿದ ಮೊದಲ ಕೆಲವು ಸೆಕೆಂಡುಗಳಲ್ಲಿಯೇ ಆವಿಯು ಈ ದಾರಿಯಿಂದ ಒಳಚರ್ಮದವರೆಗೆ ಇಳಿದು, ಅಲ್ಲಿ ನೀರಾಗಿ, ತನ್ನ ಗುಪ್ತಶಾಖವನ್ನು ಅಲ್ಲಿಯೇ ಬಿಡುತ್ತದೆ. ಬಳಿಕ ಹೊರಪದರವು ನೀರನ್ನು ಹೀರಿ ಉಬ್ಬಿದಾಗ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ಕಳ್ಳನು ಒಳಹೊಕ್ಕ ಮೇಲೆ ಬಾಗಿಲು ಹಾಕಿದಂತೆ, ಆ ಹೊತ್ತಿಗೆ ಶಾಖವು ಒಳಗೆ ಸೇರಿರುತ್ತದೆ. ಈ ಅಳತೆಗೆ ಬಳಸಿದ ಉಪಾಯವು ರಾಮನ್ ಪರಿಣಾಮವನ್ನು ಆಧಾರವಾಗಿ ಉಳ್ಳದ್ದೆಂಬುದು ನಮಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದ ಸರ್ ಚಂದ್ರಶೇಖರ ವೆಂಕಟರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು, ಆ ನಗರದಲ್ಲಿಯೇ ತಮ್ಮ ಜೀವಿತದ ಉತ್ತರಾರ್ಧವನ್ನು ಕಳೆದರು. ಬೆಳಕಿನ ಚದರಿಕೆಯನ್ನು ಕುರಿತ ಅವರ ಶುದ್ಧವಾದ ಜಿಜ್ಞಾಸೆಯು ತೊಂಬತ್ತು ವರ್ಷಗಳ ಮೇಲೆ ಬೆಂದ ಚರ್ಮದ ಮರ್ಮವನ್ನು ತೋರಿಸಿಕೊಟ್ಟಿತು.

ಹಬೆಯನ್ನು ಉಸಿರಿನೊಡನೆ ಒಳಕ್ಕೆ ಎಳೆದುಕೊಂಡರೆ ಅಪಾಯವು ಮತ್ತಷ್ಟು ಘೋರವಾದದ್ದು. ಒಣ ಬಿಸಿಗಾಳಿಯು ಮೂಗು ಬಾಯಿ ಗಂಟಲುಗಳ ಒದ್ದೆಯಾದ ಮೈಗೆ ತಗುಲಿ ಬೇಗನೆ ತಣಿಯುವುದರಿಂದ, ಸಾಮಾನ್ಯವಾಗಿ ಶ್ವಾಸನಾಳದ ಕೆಳಭಾಗಕ್ಕೆ ಹಾನಿ ಮಾಡುವುದಿಲ್ಲ. ಹಬೆಯಾದರೋ ದಾರಿಯುದ್ದಕ್ಕೂ ನೀರಾಗುತ್ತ ಶಾಖವನ್ನು ಕೊಡುತ್ತ ಶ್ವಾಸಕೋಶದವರೆಗೂ ಇಳಿಯಬಲ್ಲದು. ಇದನ್ನು ಮಾರಿಟ್ಸ್ ಮತ್ತು ಆತನ ಸಹೋದ್ಯೋಗಿಗಳು ೧೯೪೫ರಲ್ಲಿಯೇ ತೋರಿಸಿದ್ದರು. ಹಬೆ ತಗುಲಿದವನ ಧ್ವನಿ ಬದಲಾದರೆ, ಗಂಟಲು ಕಟ್ಟಿದರೆ, ಉಸಿರಾಟದಲ್ಲಿ ಶಬ್ದ ಕೇಳಿಸಿದರೆ, ಹೊರಗೆ ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಳಗಿನ ಊತವು ಗಂಟೆಗಳು ಕಳೆದಂತೆ ಹೆಚ್ಚಿ ಉಸಿರಿನ ದಾರಿಯನ್ನೇ ಮುಚ್ಚಬಹುದು.

ಈಗ ಅಡುಗೆಮನೆಗೆ ಹಿಂದಿರುಗೋಣ. ಇಂದು ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಇರುವ ಪ್ರೆಷರ್ ಕುಕ್ಕರು, ೧೬೭೯ರಲ್ಲಿ ಡೆನಿಸ್ ಪಾಪಿನ್ ಎಂಬಾತನು ನಿರ್ಮಿಸಿದ ಪಾತ್ರೆಯ ಸಂತತಿ. ಅದರೊಳಗಿನ ಒತ್ತಡದಿಂದ ನೀರು ೧೨೦ ಡಿಗ್ರಿಯ ಸುಮಾರಿಗೆ ಏರಿಯೂ ದ್ರವವಾಗಿಯೇ ಇರುತ್ತದೆ. ಒತ್ತಡವಿರುವಾಗಲೇ ಬಲವಂತವಾಗಿ ಮುಚ್ಚಳವನ್ನು ತೆಗೆದರೆ ಆ ನೀರು ೧೦೦ ಡಿಗ್ರಿಗೆ ಇಳಿಯಲೇಬೇಕು. ಹೆಚ್ಚಾಗಿದ್ದ ೨೦ ಡಿಗ್ರಿಯ ಶಾಖವು ನೀರಿನ ಒಂದು ಭಾಗವನ್ನು ಕ್ಷಣಾರ್ಧದಲ್ಲಿ ಹಬೆ ಮಾಡುತ್ತದೆ. ಒಂದು ಲೀಟರ್ ನೀರಿದ್ದರೆ ಅದರಲ್ಲಿ ೩೭ ಗ್ರಾಂ ಹಬೆಯಾಗಿ, ಸುಮಾರು ೬೦ ಲೀಟರಿನಷ್ಟು ಗಾತ್ರಕ್ಕೆ ಹಿಗ್ಗಿ, ಒಳಗಿನ ಬೇಳೆಯನ್ನೂ ನೀರನ್ನೂ ಎದುರಿಗಿದ್ದವರ ಮುಖಕ್ಕೆ ಎಸೆಯುತ್ತದೆ. ಒತ್ತಡ ತಾನಾಗಿ ಇಳಿಯುವವರೆಗೆ ಕಾಯುವ ಹತ್ತು ನಿಮಿಷಗಳ ತಾಳ್ಮೆಯು ಈ ಲೆಕ್ಕವನ್ನು ಅರಿತವರಿಗೆ ಭಾರವಾಗಲಾರದು.

ಉಳಿದ ಎಚ್ಚರಿಕೆಗಳೂ ಮೇಲೆ ಹೇಳಿದ ತತ್ತ್ವಗಳಿಂದಲೇ ಹೊರಡುತ್ತವೆ. ಮುಚ್ಚಳವನ್ನು ತೆಗೆಯುವಾಗ ಮೊದಲು ಆಚೆಯ ಅಂಚನ್ನು ಎತ್ತಿ, ಹಬೆಯು ನಮ್ಮಿಂದ ದೂರಕ್ಕೆ ಹೋಗುವಂತೆ ಮಾಡಬೇಕು. ಒದ್ದೆಯಾದ ಮಸಿಬಟ್ಟೆಯಿಂದ ಕಾದ ಪಾತ್ರೆಯನ್ನು ಹಿಡಿಯಬಾರದು. ಬಟ್ಟೆಯಲ್ಲಿರುವ ನೀರು ಹಬೆಯಾಗಿ, ಬಟ್ಟೆಗೂ ಅಂಗೈಗೂ ನಡುವೆ ಸಿಕ್ಕಿಕೊಂಡು ಸುಡುತ್ತದೆ. ಒಣಬಟ್ಟೆಯನ್ನೋ ಇಕ್ಕಳವನ್ನೋ ಬಳಸಬೇಕು. ನೆಗಡಿಗೆಂದು ಮಕ್ಕಳನ್ನು ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿಸಿ ಕಂಬಳಿ ಹೊದಿಸುವ ಪದ್ಧತಿಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರಿಂದ ನೆಗಡಿಯು ಬೇಗ ವಾಸಿಯಾಗುವುದೆಂಬುದಕ್ಕೆ ದೃಢವಾದ ಪ್ರಮಾಣ ದೊರೆತಿಲ್ಲ. ಪಾತ್ರೆ ಮಗುಚಿ ತೊಡೆಯ ಮೇಲೆ ಕುದಿನೀರು ಬಿದ್ದು ಮಕ್ಕಳು ಬೆಂದ ಉದಾಹರಣೆಗಳಾದರೋ ವೈದ್ಯರಿಗೆ ಚಿರಪರಿಚಿತವಾದವು. ಚಿಕ್ಕ ಮಕ್ಕಳ ವಿಷಯದಲ್ಲಿ ಈ ಉಪಚಾರವನ್ನು ಬಿಡುವುದೇ ಲೇಸು.

ಇಷ್ಟಾಗಿಯೂ ಹಬೆ ತಗುಲಿದರೆ ಮಾಡತಕ್ಕದ್ದೇನು? ಒಳಕ್ಕೆ ಇಳಿದ ಶಾಖವನ್ನು ಹೊರಕ್ಕೆ ತೆಗೆಯುವುದೇ ಮೊದಲ ಕೆಲಸ. ಆ ಭಾಗವನ್ನು ಕೂಡಲೆ ನಲ್ಲಿಯ ತಣ್ಣೀರಿನ ಧಾರೆಗೆ ಒಡ್ಡಿ ಪೂರ್ತಿ ೨೦ ನಿಮಿಷ ಹಿಡಿಯಬೇಕು. ಉರಿ ಶಾಂತವಾಯಿತೆಂದು ಎರಡು ನಿಮಿಷಕ್ಕೇ ನಿಲ್ಲಿಸಬಾರದು. ಮೇಲ್ಮೈ ತಣಿದಿದ್ದರೂ ಒಳಚರ್ಮವು ಇನ್ನೂ ಬೇಯುತ್ತಿರಬಹುದು. ಕೂಡಲೆ ಸಾಧ್ಯವಾಗದಿದ್ದರೆ ಮೂರು ಗಂಟೆಗಳೊಳಗಾಗಿ ಹೀಗೆ ಮಾಡಿದರೂ ಪ್ರಯೋಜನವುಂಟು. ಹಬೆಯಿಂದ ನೆನೆದ ಬಟ್ಟೆಯನ್ನೂ, ಊತಕ್ಕೆ ಮೊದಲೇ ಬಳೆ ಉಂಗುರಗಳನ್ನೂ ತೆಗೆಯಬೇಕು; ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬಾರದು. ಮಂಜುಗಡ್ಡೆಯನ್ನು ಇಡಬಾರದು, ಅದು ರಕ್ತಸಂಚಾರವನ್ನು ತಡೆದು ಗಾಯವನ್ನು ಹೆಚ್ಚಿಸುತ್ತದೆ. ಬೆಣ್ಣೆ, ತುಪ್ಪ, ಮಸಿ, ಹಲ್ಲುಜ್ಜುವ ಪೇಸ್ಟು ಮುಂತಾದ ಲೇಪನಗಳು ಶಾಖವನ್ನು ಒಳಗೇ ಕಟ್ಟಿಹಾಕುತ್ತವೆ ಅಥವಾ ನಂಜಿಗೆ ಎಡೆಮಾಡುತ್ತವೆ. ಬೊಬ್ಬೆಗಳನ್ನು ಒಡೆಯಬಾರದು, ಅವು ದೇಹವೇ ಕಟ್ಟಿಕೊಂಡ ಶುದ್ಧವಾದ ಹೊದಿಕೆಗಳು. ಬಳಿಕ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಿಗೆ ತೋರಿಸಬೇಕು. ಮುಖ, ಕೈ, ಕೀಲುಗಳ ಗಾಯವನ್ನೂ, ಮಕ್ಕಳ ಮತ್ತು ವೃದ್ಧರ ಗಾಯವನ್ನೂ ಎಷ್ಟೇ ಚಿಕ್ಕದಾಗಿ ಕಂಡರೂ ಉಪೇಕ್ಷಿಸಬಾರದು. ಹಬೆಯ ಗಾಯದ ಆಳವು ಮೊದಲ ದಿನದ ನೋಟಕ್ಕೆ ತಿಳಿಯುವಂಥದ್ದಲ್ಲ.

ಹಬೆಯನ್ನು ದೂಷಿಸುವುದು ನನ್ನ ಅಭಿಪ್ರಾಯವಲ್ಲ. ನಮ್ಮ ಇಡ್ಲಿ ಕಡುಬುಗಳನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಹದವಾಗಿ ಬೇಯಿಸುವುದೂ ಇದೇ ಗುಪ್ತಶಾಖ. ಬಹುಕಾಲ ಉಗಿಬಂಡಿಗಳನ್ನು ಎಳೆದದ್ದೂ, ಇಂದಿಗೂ ವಿದ್ಯುಚ್ಛಕ್ತಿಯ ಅನೇಕ ಕಾರ್ಖಾನೆಗಳ ಚಕ್ರಗಳನ್ನು ತಿರುಗಿಸುತ್ತಿರುವುದೂ, ಶಸ್ತ್ರವೈದ್ಯನ ಉಪಕರಣಗಳನ್ನು ಕ್ರಿಮಿರಹಿತವಾಗಿ ಮಾಡುವುದೂ ಹಬೆಯೇ. ಹಿಟ್ಟನ್ನು ಬೇಯಿಸುವ ಕ್ರಮಕ್ಕೂ ಬೆರಳನ್ನು ಬೇಯಿಸುವ ಕ್ರಮಕ್ಕೂ ಹಬೆಯಲ್ಲಿ ಭೇದವಿಲ್ಲ. ತಣ್ಣಗಿರುವುದು ಎದುರಿಗೆ ಸಿಕ್ಕಿದೊಡನೆ ತನ್ನಲ್ಲಿರುವುದನ್ನೆಲ್ಲ ಅದಕ್ಕೆ ಒಪ್ಪಿಸುವುದು ಅದರ ಧರ್ಮ. ಎದುರಿಗೆ ಏನನ್ನಿಡಬೇಕು, ಏನನ್ನಿಡಬಾರದು ಎಂಬ ವಿವೇಕ ಮಾತ್ರ ನಮ್ಮದು.